ಕೊಳವೆ, ಕೋಲು, ಮದ್ದು: ರಾಕೆಟ್ ಜೋಡಣೆಯ ಚರಿತ್ರೆಯಲ್ಲಿ ಬೆಂಗಳೂರಿನ ದಂಡು ಮತ್ತು ಪೂರ್ವಭಾಗ

ಮೈಸೂರಿನ ರಾಕೆಟ್ಟುಗಳನ್ನು ಕುರಿತು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಾಕಷ್ಟು ಬರವಣಿಗೆ ನಡೆದಿದೆ. ಅದರಲ್ಲಿ ಬಹುಪಾಲು ರಣರಂಗಕ್ಕೆ ಸಂಬಂಧಿಸಿದುದು. 1780ರ ಪೊಳ್ಳಿಲೂರು, 1799ರ ಸುಲ್ತಾನಪೇಟೆಯ ತೋಪು, ಶ್ರೀರಂಗಪಟ್ಟಣದ ಮುತ್ತಿಗೆ ಇವು ಪುನಃಪುನಃ ವರ್ಣಿತವಾಗಿವೆ. ಒಂದು ರಾಕೆಟ್ಟನ್ನು ಯಾವ ಭಾಗಗಳಿಂದ ಕಟ್ಟುತ್ತಿದ್ದರು, ಆ ಭಾಗಗಳು ಯಾವಾಗ ಒಂದುಗೂಡುತ್ತಿದ್ದವು, ಒಂದುಗೂಡಿಸುವ ತಿಳಿವಳಿಕೆ ಎಲ್ಲಿ ನೆಲೆಸಿತ್ತು ಎಂಬ ಪ್ರಶ್ನೆಗಳಿಗೆ ದೊರೆತ ಗಮನ ಕಡಿಮೆ. ಪ್ರಸ್ತುತ ಪ್ರಬಂಧದಲ್ಲಿ ಈ ಜೋಡಣೆಯ ಚರಿತ್ರೆಯನ್ನು ಪರಿಶೀಲಿಸಲಾಗಿದೆ. ಇಂದು ಮಕ್ಕಳೂ ಹವ್ಯಾಸಿಗಳೂ ಪೆಟ್ಟಿಗೆಯೊಳಗಿನ ಬಿಡಿಭಾಗಗಳನ್ನು ಅಂಟಿಸಿ ಹಾರಿಸುವ ಮಾದರಿ ರಾಕೆಟ್ಟಿನ ಕಿಟ್ ಈ ಪರಿಶೀಲನೆಗೆ ಉಪಯುಕ್ತವಾದ ಹೋಲಿಕೆಯನ್ನು ಒದಗಿಸುತ್ತದೆ. ಬೆಂಗಳೂರಿನ ದಂಡು ಪ್ರದೇಶ ಹಾಗೂ ಅದರ ಪೂರ್ವಕ್ಕಿರುವ ಹಲಸೂರು, ಇಂದಿರಾನಗರ, ಕೋಡಿಹಳ್ಳಿಗಳು ಈ ಚರಿತ್ರೆಯಲ್ಲಿ ಹಲವು ಸಲ ಎದುರಾಗುತ್ತವೆ.

ಮೊದಲು ಪದವನ್ನು ಗಮನಿಸಬಹುದು. ಹಳೆಯ ಪಾರಸಿ ದಾಖಲೆಗಳಲ್ಲಿ ರಾಕೆಟ್ಟಿಗೆ 'ಬಾನ್' ಎಂಬ ಹೆಸರಿದೆ. ಇದು ಸಂಸ್ಕೃತದ ಬಾಣವೇ. ಕನ್ನಡದಲ್ಲಿ ಬಾಣಬಿರುಸು ಎಂಬ ಜೋಡುನುಡಿ ಇಂದಿಗೂ ಬಳಕೆಯಲ್ಲಿದೆ. ಉತ್ಸವದ ಬಿರುಸಿಗೂ ಯುದ್ಧದ ಬಾಣಕ್ಕೂ ಭಾಷೆ ಗೆರೆ ಎಳೆಯಲಿಲ್ಲ. ಬೆಂಗಳೂರು ಪೇಟೆಯಲ್ಲಿ ರಾಕೆಟ್ ತಯಾರಿಕೆಯೊಡನೆ ಸಂಬಂಧ ಹೊಂದಿದ್ದ ಬೀದಿಗೆ ತಾರಾಮಂಡಲಪೇಟೆ ಎಂಬ ಹೆಸರು ಬಂದದ್ದೂ ಇದೇ ಕಾರಣದಿಂದ. ಶ್ರೀರಂಗಪಟ್ಟಣ, ಚಿತ್ರದುರ್ಗ ಮತ್ತು ಬಿದನೂರುಗಳಲ್ಲಿಯೂ ಇಂತಹ ತಾರಾಮಂಡಲಪೇಟೆಗಳು ಇದ್ದವು.

ಬರಿದಾದ ಕೊಳವೆಗಳ ಸಾಕ್ಷ್ಯ

1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ದೊರೆತ ಸಾಮಗ್ರಿಯಲ್ಲಿ ಹಾರಿಸುವ ಸಾಧನಗಳು 600, ಬಳಕೆಗೆ ಸಿದ್ಧವಾಗಿದ್ದ ರಾಕೆಟ್ಟುಗಳು 700, ಬರಿದಾದ ರಾಕೆಟ್ಟುಗಳು 9,000 ಎಂಬ ಲೆಕ್ಕವಿದೆ. ಈ ಅಂಕಿಗಳನ್ನು ಟಿಪ್ಪುವಿನ ಸಂಗ್ರಹ ಎಷ್ಟು ದೊಡ್ಡದಾಗಿತ್ತು ಎಂದು ತೋರಿಸಲು ಉಲ್ಲೇಖಿಸುವುದು ವಾಡಿಕೆ. ಅವುಗಳ ನಡುವಣ ಪ್ರಮಾಣವೇ ಹೆಚ್ಚು ಗಮನಾರ್ಹವೆಂದು ಈ ಲೇಖಕನಿಗೆ ತೋರುತ್ತದೆ. ಸಿದ್ಧವಾದ ಪ್ರತಿ ಒಂದು ರಾಕೆಟ್ಟಿಗೆ ಸುಮಾರು ಹದಿಮೂರು ಬರಿದಾದ ಕೊಳವೆಗಳಿದ್ದವು. ಮುತ್ತಿಗೆಯ ಕೊನೆಯ ದಿನಗಳಲ್ಲಿ ಸಿದ್ಧ ರಾಕೆಟ್ಟುಗಳು ಖರ್ಚಾಗಿದ್ದವೆಂಬುದನ್ನೂ, ಮೇ 2ರಂದು ಕೋಟೆಯೊಳಗಿನ ರಾಕೆಟ್ ಉಗ್ರಾಣವೊಂದು ಗುಂಡು ತಗುಲಿ ಸ್ಫೋಟಿಸಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗಿದ್ದರೂ ಒಂಬತ್ತು ಸಾವಿರ ಕೊಳವೆಗಳು ಬರಿದಾಗಿ ಉಳಿದದ್ದಕ್ಕೆ ಒಂದು ವ್ಯವಸ್ಥೆಯ ಅರ್ಥವಿದೆ. ಕಬ್ಬಿಣ ಕೆಡುವುದು ನಿಧಾನ. ಮದ್ದು ತೇವವನ್ನು ಹೀರಿ ಬೇಗ ಕೆಡುತ್ತದೆ. ಕೊಳವೆಗಳನ್ನು ಮುಂಚಿತವಾಗಿ ಬಡಿದು ಕೂಡಿಟ್ಟು, ಅಗತ್ಯ ಬಿದ್ದಾಗ ಮದ್ದು ತುಂಬಿ ಕೋಲು ಬಿಗಿಯುವುದು ವಿವೇಕದ ಕ್ರಮ. ಇಂದಿನ ಮಾತಿನಲ್ಲಿ ಹೇಳುವುದಾದರೆ ಶ್ರೀರಂಗಪಟ್ಟಣದ ಉಗ್ರಾಣದಲ್ಲಿದ್ದದ್ದು ಬಹುಪಾಲು ಕಿಟ್‌ಗಳೇ.

ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ದೊರೆತ ಅವಶೇಷಗಳು ಈ ಊಹೆಗೆ ಬಲ ಕೊಡುತ್ತವೆ. ಹಿಂದಿನ ಬಿದನೂರೇ ಈ ನಗರ. ಹೈದರಾಲಿಯು ಇದನ್ನು 1763ರಲ್ಲಿ ಗೆದ್ದುಕೊಂಡನು. ಅಲ್ಲಿಯ ಪಾಳುಬಾವಿಯೊಂದರಲ್ಲಿ 2002ರಲ್ಲಿ ಸುಮಾರು 160 ಕೊಳವೆಗಳು ದೊರೆತವು. 2018ರ ಜುಲೈ ತಿಂಗಳಿನಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಯು ನಡೆಸಿದ ಉತ್ಖನನದಲ್ಲಿ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ಕೊಳವೆಗಳು ಹೊರಬಂದವು. ಬಾವಿಯ ಮಣ್ಣಿಗೆ ಮದ್ದಿನ ವಾಸನೆಯಿದ್ದುದೇ ಅಗೆತಕ್ಕೆ ಪ್ರೇರಣೆಯಾಯಿತು. ಕೊಳವೆಗಳು ಬೇರೆ ಬೇರೆ ಅಳತೆಯವು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯದಲ್ಲಿ ಅವುಗಳನ್ನು ಇರಿಸಲಾಯಿತು. ಅವುಗಳಲ್ಲಿ ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು ಮತ್ತು ಮೆಗ್ನೀಸಿಯಂ ಪುಡಿ ಇತ್ತೆಂದು ಆಗಿನ ಕೆಲವು ಪತ್ರಿಕೆಗಳು ಬರೆದವು. ಇದನ್ನು ಯಥಾವತ್ತಾಗಿ ಒಪ್ಪಲು ಬರುವುದಿಲ್ಲ. ಮೆಗ್ನೀಸಿಯಂ ಲೋಹವನ್ನು ಹಂಫ್ರಿ ಡೇವಿಯು ಮೊದಲ ಬಾರಿಗೆ ಬೇರ್ಪಡಿಸಿದ್ದು 1808ರಲ್ಲಿ, ಎಂದರೆ ಟಿಪ್ಪುವಿನ ಮರಣದ ಒಂಬತ್ತು ವರ್ಷಗಳ ನಂತರ. ಮಣ್ಣಿನಲ್ಲಿ ಸಹಜವಾಗಿ ಇರುವ ಮೆಗ್ನೀಸಿಯಂ ಲವಣವು ವರದಿಗಾರಿಕೆಯಲ್ಲಿ ಲೋಹದ ಪುಡಿಯಾಗಿ ಮಾರ್ಪಟ್ಟಿರಬಹುದು. ಅಭಿಮಾನದ ಬರವಣಿಗೆಯು ಇಂತಹ ಸಣ್ಣ ಪರಿಶೀಲನೆಯನ್ನು ಬಿಟ್ಟುಬಿಡುವುದರಿಂದಲೇ ಮೈಸೂರು ರಾಕೆಟ್ಟಿನ ನಿಜವಾದ ಸಾಧನೆಯೂ ಸಂಶಯಕ್ಕೆ ಒಳಗಾಗುತ್ತದೆ.

ಭಾಗಗಳ ವಿಚಾರ

ಆ ಸಾಧನೆ ಕೊಳವೆಯಲ್ಲಿದೆ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣವು ಮೈಸೂರಿಗೆ ಹೊಸದಾಗಿರಲಿಲ್ಲ. ಚೀನಾದಿಂದ ಯೂರೋಪಿನವರೆಗೆ ಎಲ್ಲರೂ ಅದನ್ನು ಬಲ್ಲವರಾಗಿದ್ದರು. ಅನ್ಯತ್ರ ಈ ಮಿಶ್ರಣವನ್ನು ಬಿದಿರು ಅಥವಾ ಕಾಗದದ ಕೊಳವೆಯಲ್ಲಿ ತುಂಬುತ್ತಿದ್ದರು. ಒಳಗಿನ ಒತ್ತಡ ಏರಿದರೆ ಅಂತಹ ಕೊಳವೆ ಸೀಳುತ್ತದೆ. ಆದ್ದರಿಂದ ಮದ್ದನ್ನು ಸಡಿಲವಾಗಿ, ಮಿತವಾಗಿ ತುಂಬಬೇಕಾಗುತ್ತಿತ್ತು. ಮೈಸೂರಿನ ಕಮ್ಮಾರರು ಬಡಿದು ಮಾಡಿದ ಮೆದುಕಬ್ಬಿಣದ ಕೊಳವೆಯು ಹೆಚ್ಚಿನ ಒತ್ತಡವನ್ನು ತಾಳಿತು. ಮದ್ದನ್ನು ಗಟ್ಟಿಯಾಗಿ ಗಿಡಿಯಲು ಸಾಧ್ಯವಾಯಿತು. ಒಂದು ಪೌಂಡಿನಷ್ಟು ಮದ್ದಿನಿಂದ ಸುಮಾರು ಸಾವಿರ ಗಜ ದೂರ ಹಾರುತ್ತಿದ್ದ ಬಾಣದ ರಹಸ್ಯವಿಷ್ಟೇ.

ಇಂಗ್ಲೆಂಡಿನ ಊಲ್ವಿಚ್‌ನ ತೋಪುದಳದ ಸಂಗ್ರಹಕ್ಕೆ ಸೇರಿದ ಎರಡು ಮೈಸೂರು ರಾಕೆಟ್ಟುಗಳ ಅಳತೆಗಳನ್ನು ಪ್ರೊ. ರೊದ್ದಂ ನರಸಿಂಹ ಅವರು ಪ್ರಕಟಿಸಿದ್ದಾರೆ. ಒಂದರ ಕೊಳವೆಯ ಹೊರವ್ಯಾಸ 58 ಮಿ.ಮೀ., ಉದ್ದ 254 ಮಿ.ಮೀ.; ಇದನ್ನು 1.02 ಮೀಟರ್ ಉದ್ದದ ನೇರವಾದ ಕತ್ತಿಯ ಅಲಗಿಗೆ ತೊಗಲಿನ ಪಟ್ಟಿಗಳಿಂದ ಬಿಗಿಯಲಾಗಿದೆ. ಇನ್ನೊಂದರ ವ್ಯಾಸ 37 ಮಿ.ಮೀ., ಉದ್ದ 198 ಮಿ.ಮೀ.; ಇದನ್ನು 1.9 ಮೀಟರ್ ಉದ್ದದ ಬಿದಿರಿಗೆ ಹಾಗೆಯೇ ಕಟ್ಟಲಾಗಿದೆ. ಬಿದಿರು ಕೊಳವೆಗಿಂತ ಸುಮಾರು ಒಂಬತ್ತೂವರೆ ಪಟ್ಟು ಉದ್ದವಾಗಿದ್ದರೆ ಕತ್ತಿಯು ನಾಲ್ಕು ಪಟ್ಟು ಮಾತ್ರ ಉದ್ದವಾಗಿದೆ. ಈ ವ್ಯತ್ಯಾಸಕ್ಕೆ ಕಾರಣವಿದೆ. ಕೋಲಿನ ಕೆಲಸ ದಿಕ್ಕನ್ನು ಕಾಯುವುದು. ಹಾರುವ ವಸ್ತುವಿನ ಭಾರಕೇಂದ್ರವು ಅದರ ಮೇಲೆ ಗಾಳಿಯ ಒತ್ತಡ ವರ್ತಿಸುವ ಕೇಂದ್ರಕ್ಕಿಂತ ಮುಂದಿದ್ದರೆ ಅದು ನೇರವಾಗಿ ಸಾಗುತ್ತದೆ, ಹಿಂದಿದ್ದರೆ ಮಗುಚುತ್ತದೆ. ಹಗುರವಾದ ಉದ್ದನೆಯ ಬಿದಿರು ಗಾಳಿಯ ಹಿಡಿತವನ್ನು ಬಹು ಹಿಂದಕ್ಕೆ ಒಯ್ಯುತ್ತದೆ, ಭಾರವನ್ನು ಅಷ್ಟಾಗಿ ಒಯ್ಯುವುದಿಲ್ಲ. ಕತ್ತಿಯ ಅಲಗು ಭಾರವಾದುದರಿಂದ ಈ ಅನುಕೂಲ ಕಡಿಮೆ. ಕತ್ತಿ ಕಟ್ಟಿದ ರಾಕೆಟ್ಟು ಹಾರಾಟದ ಕೊನೆಗೆ ತಿರುತಿರುಗಿ ಬೀಳುತ್ತಿದ್ದುದನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಸೈನ್ಯದ ನಡುವೆ ಹಾಗೆ ಬೀಳುವುದು ಹಾರಿಸಿದವರಿಗೆ ಅನನುಕೂಲವೇನೂ ಆಗಿರಲಿಲ್ಲ.

ಕೊಳವೆ ಕಮ್ಮಾರನದು, ತೊಗಲು ಚರ್ಮಕಾರನದು, ಬಿದಿರು ಕಾಡಿನದು, ಪೆಟ್ಲುಪ್ಪು ಹಳ್ಳಿಯ ಹಳೆಯ ಮಣ್ಣಿನಿಂದ ಬಸಿದದ್ದು. ಇವೆಲ್ಲವನ್ನು ಒಂದುಗೂಡಿಸಿ ಗುರಿಗೆ ತಕ್ಕ ಕೋನದಲ್ಲಿ ನಿಲ್ಲಿಸುವವನು ಬಾಣಗಾರ. ಕೊಳವೆಯ ವ್ಯಾಸವನ್ನೂ ಗುರಿಯ ದೂರವನ್ನೂ ನೋಡಿ ಕೋನವನ್ನು ನಿರ್ಧರಿಸುವ ತರಬೇತಿ ಇವನಿಗೆ ಇರುತ್ತಿತ್ತು. ಹೈದರನ ತಂದೆ ಫತೇ ಮಹಮ್ಮದನು ಆರ್ಕಾಟಿನ ನವಾಬನ ಬಳಿ 50 ಮಂದಿ ಬಾಣಗಾರರ ತುಕಡಿಯ ನಾಯಕನಾಗಿದ್ದನು. ಹೈದರನ ಕಾಲಕ್ಕೆ ಇವರ ಸಂಖ್ಯೆ 1,200, ಟಿಪ್ಪುವಿನ ಕಾಲಕ್ಕೆ 5,000ದವರೆಗೆ ಏರಿತೆಂದು ಅಂದಾಜಿಸಲಾಗಿದೆ. ಮೂರು ತಲೆಮಾರುಗಳಲ್ಲಿ ನೂರು ಪಟ್ಟು. ಕುಷೂನ್ ಎಂಬ ಪ್ರತಿ ದಳಕ್ಕೂ ಬಾಣಗಾರರ ಪಡೆಯನ್ನು ಸೇರಿಸುವ ಕ್ರಮವು ಟಿಪ್ಪುವಿನ ಸೈನ್ಯನಿಯಮವಾದ 'ಫತಹುಲ್ ಮುಜಾಹಿದೀನ್' ಗ್ರಂಥದಲ್ಲಿದೆ. ಇಷ್ಟೊಂದು ಜನರಿಗೆ ಕಲಿಸುವ ಪದ್ಧತಿಯಿಲ್ಲದೆ ಈ ಬೆಳವಣಿಗೆ ಅಸಾಧ್ಯ. ಆದರೆ ಆ ಕಲಿಕೆಯು ಕೈಯಿಂದ ಕೈಗೆ ಸಾಗಿದ್ದು.

ಪೂರ್ವದಿಂದ ಬಂದ ಸೈನ್ಯ, ಪೂರ್ವದಲ್ಲಿ ನೆಲೆಸಿದ ದಂಡು

ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬಂದು 1791ರ ಮಾರ್ಚ್ 5ರಂದು ಬೆಂಗಳೂರನ್ನು ತಲುಪಿದನು. ಮಾರ್ಚ್ 7ರಂದು ಪೇಟೆಯು ಅವನ ವಶವಾಯಿತು. ಆ ದಿನ ಪೇಟೆಯ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಮಡಿದನು. ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು. ತಾರಾಮಂಡಲಪೇಟೆಯಿದ್ದ ಪೇಟೆಯು ಹೀಗೆ ಶ್ರೀರಂಗಪಟ್ಟಣಕ್ಕಿಂತ ಎಂಟು ವರ್ಷ ಮೊದಲೇ ಶತ್ರುವಿನ ಕೈಸೇರಿ, 1792ರ ಒಪ್ಪಂದದ ನಂತರ ಟಿಪ್ಪುವಿಗೆ ಮರಳಿತು.

ಈ ಸೈನ್ಯದೊಡನೆ ಇದ್ದ ಚಿತ್ರಕಾರ ರಾಬರ್ಟ್ ಹೋಮ್, ಮೂರ್‌ಹೌಸನ ಮರಣದ ದೊಡ್ಡ ಚಿತ್ರಕ್ಕಾಗಿ ಹೆಸರಾದವನು. ನಮ್ಮ ವಿಷಯಕ್ಕೆ ಹೆಚ್ಚು ಉಪಯುಕ್ತವಾದುದು ಅವನ ಇನ್ನೊಂದು ಸಣ್ಣ ಚಿತ್ರ. ಅದರಲ್ಲಿ ಟಿಪ್ಪುವಿನ ಸೈನಿಕನೊಬ್ಬನು ರಾಕೆಟ್ಟಿನ ಕೋಲನ್ನೇ ಧ್ವಜದ ಕಂಬವಾಗಿ ಹಿಡಿದು ನಿಂತಿದ್ದಾನೆ. ಪೂರ್ಣವಾಗಿ ಜೋಡಿಸಿದ ರಾಕೆಟ್ಟು ಎಷ್ಟು ಉದ್ದವಿತ್ತು, ಅದನ್ನು ಒಬ್ಬನೇ ಹೇಗೆ ಹೊರುತ್ತಿದ್ದನು ಎಂಬುದನ್ನು ಯಾವ ಅಳತೆಪಟ್ಟಿಗಿಂತಲೂ ಚೆನ್ನಾಗಿ ಈ ಚಿತ್ರ ತಿಳಿಸುತ್ತದೆ. ಉಗ್ರಾಣದ ಕೊಳವೆಗೂ ನಡಿಗೆಯಲ್ಲಿರುವ ಸೈನಿಕನ ಕೋಲಿಗೂ ನಡುವಣ ಹಂತವೇ ನಾವು ಹುಡುಕುತ್ತಿರುವ ಜೋಡಣೆ.

1799ರ ನಂತರ ಬ್ರಿಟಿಷ್ ಪಡೆಯನ್ನು ಶ್ರೀರಂಗಪಟ್ಟಣದಲ್ಲಿ ಇರಿಸಲಾಯಿತಾದರೂ ಅಲ್ಲಿಯ ಜ್ವರದ ಕಾಟದಿಂದಾಗಿ 1809ರಲ್ಲಿ ಅದನ್ನು ಬೆಂಗಳೂರಿಗೆ, ಹಲಸೂರಿನ ಬಯಲಿಗೆ ಸ್ಥಳಾಂತರಿಸಲಾಯಿತು. ದಂಡು ಪ್ರದೇಶದ ಆರಂಭ ಇದು. ಪೇಟೆ ಮತ್ತು ದಂಡುಗಳ ಬೀದಿಹೆಸರುಗಳಲ್ಲಿ ಒಂದು ಕುತೂಹಲಕರ ಭೇದವಿದೆ. ಪೇಟೆಯ ಹೆಸರುಗಳು ಕಸುಬನ್ನೂ ಸರಕನ್ನೂ ನೆನಪಿಡುತ್ತವೆ, ತಾರಾಮಂಡಲಪೇಟೆ ಅವುಗಳಲ್ಲೊಂದು. ದಂಡಿನ ಹೆಸರುಗಳು ಪಡೆಯನ್ನು ನೆನಪಿಡುತ್ತವೆ: ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಈಗ ಕಾಮರಾಜ ರಸ್ತೆಯಾಗಿರುವ ಕ್ಯಾವಲ್ರಿ ರಸ್ತೆ. ರಾಕೆಟ್ಟನ್ನು ಮಾಡುವವರ ಊರು, ರಾಕೆಟ್ಟನ್ನು ಎದುರಿಸಿದವರ ಊರು, ಎರಡೂ ಕೆಲವೇ ಮೈಲಿಗಳ ಅಂತರದಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇರೆ ಬೇರೆ ಆಡಳಿತದಲ್ಲಿ ಬದುಕಿದವು.

ಮದ್ರಾಸ್ ಸ್ಯಾಪರ್ಸ್ ಪಡೆಯು 1834ರಲ್ಲಿ ಬೆಂಗಳೂರಿಗೆ ಬಂದು ಹಲಸೂರು ಕೆರೆಯ ಬಳಿ ನೆಲೆಗೊಂಡಿತು. ಈ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ರೂಪಿಸಿದ 'ಬ್ಯಾಂಗಲೂರ್ ಟಾರ್ಪಿಡೊ' ಜಗತ್ತಿನ ಸೈನ್ಯಗಳಲ್ಲೆಲ್ಲ ಈ ಊರಿನ ಹೆಸರನ್ನು ಹರಡಿತು. ಸ್ಫೋಟಕ ತುಂಬಿದ ಕೊಳವೆಗಳನ್ನು ತುದಿಗೆ ತುದಿ ಜೋಡಿಸುತ್ತ ಮುಂದಕ್ಕೆ ತಳ್ಳಿ, ದೂರದ ಅಡೆತಡೆಯನ್ನು ಸಿಡಿಸುವ ಸಾಧನವಿದು. ಕೊಳವೆ, ಮದ್ದು, ಸ್ಥಳದಲ್ಲಿಯೇ ಜೋಡಣೆ ಎಂಬ ಮೂರೂ ಅಂಶಗಳು ಇಲ್ಲಿವೆ. ಟಿಪ್ಪುವಿನ ರಾಕೆಟ್ಟೇ ಇದಕ್ಕೆ ಮೂಲವೆಂದು ಹೇಳುವ ಆಕರ್ಷಣೆ ಸಹಜ. ಅದು ಸರಿಯಲ್ಲ. ಇದು ಹಾರುವುದಿಲ್ಲ, ಇದರ ಹಿಂದಿರುವುದು ಬೋಯರ್ ಯುದ್ಧ ಮತ್ತು ರಷ್ಯಾ-ಜಪಾನ್ ಯುದ್ಧಗಳ ಅನುಭವ. ಒಂದೇ ನೆಲದಲ್ಲಿ ಎರಡು ಕೊಳವೆಗಳು ಹುಟ್ಟಿದ ಮಾತ್ರಕ್ಕೆ ವಂಶಾವಳಿ ಸಿದ್ಧವಾಗುವುದಿಲ್ಲ.

ಹಾಳೆಗೆ ಇಳಿದ ತಿಳಿವಳಿಕೆ

ವಂಶಾವಳಿ ಇರುವುದು ಊಲ್ವಿಚ್‌ನಲ್ಲಿ. ಶ್ರೀರಂಗಪಟ್ಟಣದಿಂದ ಒಯ್ದ ರಾಕೆಟ್ಟುಗಳು ಅಲ್ಲಿಗೆ ತಲುಪಿದವು. ವಿಲಿಯಂ ಕಾಂಗ್ರೀವ್ 1804ರಿಂದ ಪ್ರಯೋಗಗಳನ್ನು ಕೈಗೊಂಡನು. ಲಂಡನ್ನಿನಲ್ಲಿ ದೊರೆಯುತ್ತಿದ್ದ ಅತ್ಯುತ್ತಮ ಬಿರುಸುಗಳು ಸುಮಾರು 600 ಗಜಕ್ಕಿಂತ ಹೆಚ್ಚು ಹಾರಲಿಲ್ಲ. ಭಾರತದ ರಾಕೆಟ್ಟುಗಳು ಅದಕ್ಕಿಂತ ಬಹಳ ದೂರ ಹಾರುತ್ತವೆಂಬುದು ಅವನಿಗೆ ತಿಳಿದಿತ್ತು. ಕಬ್ಬಿಣದ ಕೊಳವೆಗೆ ತಿರುಗಿದ ಮೇಲೆ ಅವನ ರಾಕೆಟ್ಟುಗಳ ದೂರ ಎರಡು ಸಾವಿರ ಗಜವನ್ನು ಮುಟ್ಟಿತು. 1806ರಲ್ಲಿ ಬೂಲೋನ್, 1807ರಲ್ಲಿ ಕೋಪನ್‌ಹೇಗನ್ ನಗರಗಳ ಮೇಲೆ ಅವು ಬಿದ್ದವು.

ಕಾಂಗ್ರೀವನ ಹೊಸತನವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಅವನು ಕೊಳವೆಗಳನ್ನು ತೂಕದ ಪ್ರಕಾರ ವರ್ಗೀಕರಿಸಿದನು, ಮದ್ದಿನ ಪ್ರಮಾಣವನ್ನು ನಿಗದಿಗೊಳಿಸಿದನು, ಉದ್ದನೆಯ ಕೋಲನ್ನು ತುಂಡುಗಳಾಗಿ ಸಾಗಿಸಿ ಯುದ್ಧಭೂಮಿಯಲ್ಲಿ ಲೋಹದ ಬಳೆಗಳಿಂದ ಜೋಡಿಸುವ ಕ್ರಮವನ್ನು ತಂದನು. 1815ರ ಹೊತ್ತಿಗೆ ಕೋಲನ್ನು ಪಕ್ಕಕ್ಕೆ ಕಟ್ಟುವ ಬದಲು ಕೊಳವೆಯ ತಳದ ನಡುವಿಗೆ ತಿರುಪಿನಿಂದ ಸೇರಿಸಿದನು. ಇದಕ್ಕೂ ಮಿಗಿಲಾಗಿ, ಇದೆಲ್ಲವನ್ನೂ ಚಿತ್ರಸಹಿತವಾಗಿ ಅಚ್ಚು ಹಾಕಿಸಿದನು. 1814ರಲ್ಲಿ ಪ್ರಕಟವಾದ ಅವನ ಗ್ರಂಥವು ರಾಕೆಟ್ ಪದ್ಧತಿಯ ವಿವರಗಳಿಗೇ ಮೀಸಲಾದುದು. ಮೈಸೂರಿನಲ್ಲಿ ಕೈಯಲ್ಲಿದ್ದ ವಿದ್ಯೆಯು ಇಂಗ್ಲೆಂಡಿನಲ್ಲಿ ಹಾಳೆಯ ಮೇಲೆ ಇಳಿಯಿತು. ಶ್ರೀರಂಗಪಟ್ಟಣದ ಲೆಕ್ಕವು ಕೊಳವೆಗಳನ್ನು ಎಣಿಸಿತು, ಕೊಳವೆ ಬಡಿದವರನ್ನು ಎಣಿಸಲಿಲ್ಲ. ಬಾಣಗಾರರ ಪಡೆ ಚದುರಿದೊಡನೆ ಇಲ್ಲಿ ಉಳಿದದ್ದು ಸೂಚನೆಯ ಹಾಳೆಯಿಲ್ಲದ ಬಿಡಿಭಾಗಗಳು.

ಸೂಚನೆಯ ಹಾಳೆಯ ಮಹತ್ತ್ವವನ್ನು ಅರಿಯಲು ಮಾದರಿ ರಾಕೆಟ್ಟಿನ ಇತಿಹಾಸವನ್ನು ಸಂಕ್ಷೇಪವಾಗಿ ನೋಡಬಹುದು. ಅಮೆರಿಕದ ನೆಬ್ರಾಸ್ಕಾದಲ್ಲಿ ಪಾದರಕ್ಷೆಯ ಅಂಗಡಿಯಿಟ್ಟಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲಿ ಇದರ ಮೊದಲ ರೂಪವನ್ನು ಮಾಡಿದನು. ಹದಿಹರೆಯದವರು ಮನೆಯಲ್ಲಿಯೇ ಲೋಹದ ಕೊಳವೆಗಳಿಗೆ ಮದ್ದು ತುಂಬಿ ಗಾಯಗೊಳ್ಳುತ್ತಿದ್ದ ಕಾಲವದು. ಇದನ್ನು ತಡೆಯುವ ಬಗೆಯನ್ನು ಯೋಚಿಸುತ್ತಿದ್ದ ಹ್ಯಾರಿ ಸ್ಟೈನ್ 1957ರಲ್ಲಿ ಕಾರ್ಲೈಲನೊಡನೆ ಸೇರಿದನು; ಮರುವರ್ಷ ವರ್ನ್ ಎಸ್ಟಿಸ್ ಎಂಜಿನುಗಳನ್ನು ಯಂತ್ರದಿಂದ ತಯಾರಿಸತೊಡಗಿದನು. ಕಿಟ್‌ನಲ್ಲಿರುವುದು ಕಾಗದದ ಕೊಳವೆ, ಬಾಲ್ಸಾ ಮರದ ರೆಕ್ಕೆಗಳು, ಮೂತಿ, ಇಳಿಕೊಡೆ. ಎಂಜಿನನ್ನು ಕಾರ್ಖಾನೆಯಲ್ಲಿ ತುಂಬಿ ಮುಚ್ಚಿರುತ್ತಾರೆ. ಆ ಎಂಜಿನಿನೊಳಗೆ ಇರುವುದು ಮತ್ತದೇ ಕಪ್ಪು ಮದ್ದು, ಅದರ ಬಾಯಿ ಜೇಡಿಮಣ್ಣಿನದು. 'ಸಿ6-5' ಎಂಬ ಗುರುತಿದ್ದರೆ ಒಟ್ಟು ಆವೇಗ ಗರಿಷ್ಠ 10 ನ್ಯೂಟನ್-ಸೆಕೆಂಡ್, ಸರಾಸರಿ ನೂಕುಬಲ 6 ನ್ಯೂಟನ್, ಇಳಿಕೊಡೆ ತೆರೆಯುವ ಮುನ್ನ 5 ಸೆಕೆಂಡ್ ವಿಳಂಬ ಎಂದರ್ಥ. ಬಾಣಗಾರನು ಕಣ್ಣಿನಿಂದ ಅಳೆದದ್ದು ಇಲ್ಲಿ ಮೂರು ಅಕ್ಷರಗಳಲ್ಲಿದೆ. ರೆಕ್ಕೆಯ ಮರದ ಎಳೆ ಯಾವ ದಿಕ್ಕಿಗಿರಬೇಕು, ಜೋಡಿಸಿದ ರಾಕೆಟ್ಟನ್ನು ಭಾರಕೇಂದ್ರದಲ್ಲಿ ದಾರ ಕಟ್ಟಿ ತಲೆಯ ಸುತ್ತ ತಿರುಗಿಸಿದಾಗ ಮೂತಿ ಮುಂದಾಗಿ ಸಾಗುವುದೇ ಎಂದು ಪರೀಕ್ಷಿಸುವುದು ಹೇಗೆ, ಇವೆಲ್ಲ ಮಾದರಿ ರಾಕೆಟ್ಟಿನ ಕೈಪಿಡಿಗಳಲ್ಲಿ ಮುದ್ರಿತವಾಗಿವೆ. ಹತ್ತು ವರ್ಷದ ಮಗುವೂ ಹಿರಿಯರೆದುರು ಇದನ್ನು ಕಟ್ಟಬಲ್ಲದು.

ಈ ಹವ್ಯಾಸದ ಸುರಕ್ಷಾ ನಿಯಮಗಳಲ್ಲಿ ಮುಖ್ಯವಾದುದು ಮೂತಿ, ಮೈ, ರೆಕ್ಕೆಗಳಲ್ಲಿ ಲೋಹವನ್ನು ಬಳಸಬಾರದೆಂಬುದು. ಸಿಡಿದರೆ ಲೋಹದ ಚೂರುಗಳು ಕೊಲ್ಲುತ್ತವೆ. ಮೈಸೂರಿನ ಕಮ್ಮಾರನು ಜಗತ್ತಿಗೆ ಕೊಟ್ಟದ್ದು ಯಾವುದೋ ಅದನ್ನೇ ಮಾದರಿ ರಾಕೆಟ್ಟು ಮೊದಲು ತೊರೆಯಬೇಕಾಯಿತು. ಮದ್ದು ಅದೇ, ಜೋಡಣೆಯ ತತ್ತ್ವ ಅದೇ. ಉದ್ದೇಶ ಬೇರೆಯಾದಾಗ ಕೊಳವೆ ಮತ್ತೆ ಕಾಗದಕ್ಕೆ ಮರಳಿತು. ಭಾರತದಲ್ಲಿ ಮದ್ದಿನ ಎಂಜಿನುಗಳು ಸ್ಫೋಟಕ ಕಾಯಿದೆಯ ಕಟ್ಟುಪಾಡಿಗೆ ಒಳಪಡುತ್ತವೆ. ಹೀಗಾಗಿ ನಮ್ಮ ಶಾಲೆಗಳಲ್ಲಿ ಪ್ಲಾಸ್ಟಿಕ್ ಶೀಷೆ, ನೀರು ಮತ್ತು ಒತ್ತಿದ ಗಾಳಿಯ ರಾಕೆಟ್ಟೇ ಹೆಚ್ಚು ರೂಢಿಯಲ್ಲಿದೆ; ಅಕ್ಟೋಬರ್ 4ರಿಂದ 10ರವರೆಗೆ ನಡೆಯುವ ವಿಶ್ವ ಅಂತರಿಕ್ಷ ಸಪ್ತಾಹದಲ್ಲಿ ಇಸ್ರೋ ಕೇಂದ್ರಗಳು ಇದರ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ.

ಕೋಡಿಹಳ್ಳಿಯಿಂದ ತಿಪ್ಪಸಂದ್ರದವರೆಗೆ

ಮೈಸೂರು ರಾಕೆಟ್ಟನ್ನು ಮತ್ತೆ ಅಳತೆಯ ವಿಷಯವನ್ನಾಗಿ ಮಾಡಿದ ಕೆಲಸವು ಬೆಂಗಳೂರಿನ ಪೂರ್ವಭಾಗದಿಂದಲೇ ಬಂದಿತು. 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1960ರಲ್ಲಿ ಬೆಂಗಳೂರಿಗೆ ಬಂದಾಗ ಅದಕ್ಕೆ ದೊರೆತ ಮೊದಲ ಆಶ್ರಯ ದಂಡಿನ ಅಂಚಿನಲ್ಲಿದ್ದ ಜಯಮಹಲಿನ ಅರಮನೆಯ ಕುದುರೆಲಾಯಗಳು. ಅನಂತರ ಇಂದಿರಾನಗರಕ್ಕೆ ಹೊಂದಿಕೊಂಡ ಕೋಡಿಹಳ್ಳಿಯಲ್ಲಿ ಅದು ನೆಲೆಯೂರಿತು. 1984ರಿಂದ 1993ರವರೆಗೆ ಅದರ ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ ಅವರು 1985ರ ಏಪ್ರಿಲ್ 2ರಂದು ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಕುರಿತು ನೀಡಿದ ಉಪನ್ಯಾಸವನ್ನು ಪ್ರಯೋಗಾಲಯವು ಅದೇ ವರ್ಷ ಪ್ರಕಟಿಸಿತು. ಹೊಗಳಿಕೆಯಲ್ಲಿ ತೇಲುತ್ತಿದ್ದ ವಿಷಯಕ್ಕೆ ವ್ಯಾಸ, ಉದ್ದ, ದೂರಗಳ ತಳಹದಿಯನ್ನು ಇದು ಒದಗಿಸಿತು. 2020ರಲ್ಲಿ ನಿಧನರಾದ ಈ ವಿಜ್ಞಾನಿಯ ಕೆಲಸಗಳಲ್ಲಿ ಪುಟಗಳ ಲೆಕ್ಕದಲ್ಲಿ ಇದು ಚಿಕ್ಕದು. ಕರ್ನಾಟಕದ ಇತಿಹಾಸಕಾರರ ಪಾಲಿಗೆ ಮಾತ್ರ ದೊಡ್ಡದು.

ಇಂದಿರಾನಗರದ ನೆರೆಯಲ್ಲಿರುವ ಹೊಸ ತಿಪ್ಪಸಂದ್ರದ ಹಿಂದೂಸ್ತಾನ್ ಏರೊನಾಟಿಕ್ಸ್ ಸಂಸ್ಥೆಯ ಏರೋಸ್ಪೇಸ್ ವಿಭಾಗವು ಪಿಎಸ್‌ಎಲ್‌ವಿ ಮತ್ತು ಜಿಎಸ್‌ಎಲ್‌ವಿ ರಾಕೆಟ್ಟುಗಳಿಗೆ ಲೋಹದ ನೋದಕ ತೊಟ್ಟಿಗಳನ್ನೂ ಕವಚಗಳನ್ನೂ ತಯಾರಿಸಿಕೊಡುತ್ತದೆ. ಕ್ರಯೋಜನಿಕ್ ಎಂಜಿನುಗಳ ತಯಾರಿಕಾ ಘಟಕವೊಂದು ಸಂಸ್ಥೆಯಲ್ಲಿ 2022ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು. ಎಂಬತ್ತು ಅಡಿ ರಸ್ತೆಯಲ್ಲಿ ಇಸ್ರೋದ ದ್ರವ ನೋದನ ವ್ಯವಸ್ಥಾ ಕೇಂದ್ರದ ಬೆಂಗಳೂರು ಶಾಖೆಯಿದೆ. ಇಲ್ಲಿ ತಯಾರಾದ ತೊಟ್ಟಿಗಳು ರಸ್ತೆಯ ಮೇಲೆ ಸಾಗಿ, ಬೇರೆಡೆ ತಯಾರಾದ ಭಾಗಗಳೊಡನೆ ಶ್ರೀಹರಿಕೋಟೆಯಲ್ಲಿ ಒಂದಾಗುತ್ತವೆ. ಪ್ರತಿ ಬೆಸುಗೆಗೂ ಇಲ್ಲಿ ಒಂದು ದಾಖಲೆಯಿರುತ್ತದೆ.

ನಗರದ ಬಾವಿಯ ಕೊಳವೆಗಳಿಗೂ ಅಂತಹ ದಾಖಲೆ ಸಿದ್ಧವಾಗಬೇಕಾಗಿದೆ. ಪ್ರತಿಯೊಂದರ ಗೋಡೆಯ ದಪ್ಪ, ಬೆಸೆದ ಅಂಚಿನ ಸ್ವರೂಪ, ಬಾಯಿಯ ರಂಧ್ರದ ವ್ಯಾಸ, ಕಬ್ಬಿಣದಲ್ಲಿರುವ ಇಂಗಾಲದ ಅಂಶ, ಉಳಿದಿರುವ ಮದ್ದಿನಲ್ಲಿ ಗಂಧಕದ ಪ್ರಮಾಣ ಇವುಗಳನ್ನು ಒಂದೇ ಪಟ್ಟಿಗೆ ತಂದು ಊಲ್ವಿಚ್‌ನ ಎರಡು ಮಾದರಿಗಳೊಡನೆ ಹೋಲಿಸಬೇಕು. ಸಾವಿರ ಕೊಳವೆಗಳ ಅಳತೆಗಳು ಕೆಲವೇ ಗುಂಪುಗಳಾಗಿ ಒಡೆದು ನಿಂತರೆ ಬಿದನೂರಿನಲ್ಲಿ ಅಚ್ಚುಗಟ್ಟಾದ ಅಳತೆಗೋಲುಗಳು ಬಳಕೆಯಲ್ಲಿದ್ದುವೆಂದು ತಿಳಿಯಬಹುದು. ಚದುರಿ ನಿಂತರೆ ಪ್ರತಿ ಕುಲುಮೆಯೂ ತನ್ನ ಕೈಯಳತೆಯಲ್ಲಿಯೇ ಬಡಿದಿತ್ತೆಂದು ತಿಳಿಯಬೇಕಾಗುತ್ತದೆ. ತುಕ್ಕು ವರ್ಷವರ್ಷಕ್ಕೂ ಗೋಡೆಯನ್ನು ತಿನ್ನುತ್ತಿರುವುದರಿಂದ ದಪ್ಪದ ಅಳತೆಯನ್ನು ಮೊದಲು ತೆಗೆದುಕೊಳ್ಳುವುದು ಉಚಿತ.